ಕಾಜಾ ಯಾವ ಕಡೆ

ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದ ಕಾಜಾ ಅಕ್ಕನ ಕೈ, ಬಾಗಿಲಲ್ಲಿ ಟೈಲರ್ ಮಾಸ್ಟರ ಅಣ್ಣನನ್ನು ಕಂಡು ಅಲ್ಲೇ ನಿಂತಿತು. ಮೇಜಿನ ಮೇಲೆ ಹಳದಿ ಹೂಗಳ ಅಂಗಿ ಹರಡಿತ್ತು. ಒಳಕೋಣೆಯಲ್ಲಿ ಮಾಸ್ಟರು ಮಲಗಿದ್ದರು. ನಿನ್ನೆ ಸಂಜೆ ಕತ್ತರಿ ಹಿಡಿದಿದ್ದಂತೆಯೇ ತೀರಿಹೋದವರು.

ಮಾಸ್ಟರ ಅಣ್ಣ ಕೋರ್ಟಿನ ಹಳೆಯ ಗುಮಾಸ್ತರು. ನೆತ್ತಿ ಸುಡುವ ಬಿಸಿಲಲ್ಲೂ ಕರಿ ಕೋಟಿನ ಮೂರೂ ಗುಂಡಿ ಹಾಕಿಕೊಂಡೇ ಬಂದಿದ್ದರು. ಕಂಕುಳಲ್ಲಿದ್ದ ಪೊಟ್ಟಣ ಬಿಚ್ಚಿ, ರೆಡಿಮೇಡ್ ಬಿಳಿ ಅಂಗಿಯೊಂದನ್ನು ಹೂವಿನ ಅಂಗಿಯ ಮೇಲೆಯೇ ಇಟ್ಟರು.

“ಜೀವಮಾನವೆಲ್ಲ ತನಗೆ ಬೇಕಾದ ಹಾಗೇ ಕುಣಿದ. ಕೊನೇ ದಿನ ಆದ್ರೂ ಗಂಡಸಿನ ಹಾಗೆ ಹೋಗ್ಲಿ.”

ಕಾಜಾ ಅಕ್ಕನಿಗೆ ಮೈಯೆಲ್ಲ ಉರಿಯಿತು. ಹೂವಿನ ಅಂಗಿಯಲ್ಲೇ ಕಳಿಸಿಕೊಡಬೇಕೆಂದು ಮಾಸ್ಟರು ಅವಳಿಂದ ಮಾತು ತೆಗೆದುಕೊಂಡಿದ್ದರು. ಆದರೆ ಒಡಹುಟ್ಟಿದವನ ಮುಂದೆ ಕಾಜಾ ಹೊಲಿಯುವವಳ ಮಾತು ಎಷ್ಟರದು? ಮಾಸ್ಟರ ಮಗಳ ಕಡೆ ನೋಡಿದಳು. ಅತ್ತೂ ಅತ್ತೂ ಸೋತಿದ್ದ ಹುಡುಗಿ, “ದೊಡ್ಡಪ್ಪ ಹೇಳಿದ ಹಾಗೇ ಆಗ್ಲಿ ಬಿಡಿ ಅಕ್ಕ” ಎಂದಳು.

*

ಎಲ್ಲಕ್ಕೂ ಮೂಲ ಕಾಜಾ ಅಕ್ಕನದೇ ಒಂದು ತಪ್ಪು. ಆಗ ಅಂಗಡಿಯ ಬೋರ್ಡಿನಲ್ಲಿ ‘ಗಂಡಸರ ಬಟ್ಟೆ ಹೊಲಿಯಲಾಗುತ್ತದೆ’ ಎಂದಿತ್ತು. ಅವಳು ಹೆಂಗಸರ ಬಟ್ಟೆಯ ಅಂಗಡಿಯಿಂದ ಬಂದ ಹೊಸಬಳು. ಗುಂಡಿ ತೂರಿಸುವ ಕಾಜಾ ಗಂಡಸರ ಅಂಗಿಗೆ ಎಡಗಡೆ, ಹೆಂಗಸರದಕ್ಕೆ ಬಲಗಡೆ. ಹಳೆಯ ಚಾಳಿ ಬಿಡಬೇಕಲ್ಲ. ಬ್ಯಾಂಡಿನವರ ಹನ್ನೆರಡು ಅಂಗಿಗೂ ಬಲಗಡೆಯೇ ಕೊರೆದುಬಿಟ್ಟಳು. ಹೆಂಗಸರ ಅಂಗಿ ತೊಟ್ಟು ತುತ್ತೂರಿ ಊದಬೇಕೇ ಎಂದು ಅವರು ಮೂಟೆ ಎಸೆದು ಹೋದರು.

ಕೆಲಸ ಹೋಯಿತೆಂದೇ ಅವಳು ಚೀಲ ಎತ್ತಿಕೊಂಡಿದ್ದಳು. ಮಾಸ್ಟರು ಒಂದು ಅಂಗಿ ತೊಟ್ಟು, ಗುಂಡಿಗಾಗಿ ತಡಕಾಡಿ, ಕನ್ನಡಿಯ ಮುಂದೆ ನಿಂತರು.

“ಹಾಕಿದ್ದಾಯ್ತು. ಮೀಸೆ ಏನೂ ಉದುರಲಿಲ್ವಲ್ಲ.”

ಉಳಿದವನ್ನು ಅಂಗಡಿಯ ಮುಂದೆ ನೇತುಹಾಕಿದರು. ಬಸ್ ಕಂಡಕ್ಟರ್ ಹೆಂಗಸೊಬ್ಬಳು ಎದೆಯ ಮೇಲಿನ ಜೇಬು ನೋಡಿ ಮೂರು ಕೊಂಡಳು. ಐಸ್ ಮಾರುವ ಗಡ್ಡದವನು ಹೂವಿನ ಬಟ್ಟೆಯಲ್ಲಿ ತನಗೂ ಒಂದು ಆದೀತೇ ಎಂದು ಪಿಸುಗುಟ್ಟಿದ. ಮಾಸ್ಟರು ಅಂದೇ ಏಣಿ ಹತ್ತಿ ಬೋರ್ಡಿನ ‘ಗಂಡಸರ’ ಎಂಬುದನ್ನು ಬಣ್ಣ ಬಳಿದು ಮುಚ್ಚಿದರು. ಅಳತೆ ತೆಗೆಯುವಾಗ ಗಂಡೋ ಹೆಣ್ಣೋ ಎಂಬ ವಿಚಾರವೇ ಹೋಯಿತು. ಕೈ ಎಷ್ಟು ಎತ್ತುತ್ತೀರಿ, ಜೇಬಿನಲ್ಲಿ ಏನು ಇಡುತ್ತೀರಿ, ಇಷ್ಟೇ ಕೇಳುತ್ತಿದ್ದರು. ಪ್ರತಿ ಅಂಗಿಗೂ ಎರಡೂ ಕಡೆ ಕಾಜಾ, ಬಟ್ಟೆಗೆ ಹೊಲಿಯದೆ, ಬಿಚ್ಚಿ ಎರಡರಲ್ಲೂ ತೂರಿಸುವ ಜೋಡಿ ಗುಂಡಿ. ತೊಡುವವರಿಗೆ ಯಾವ ಕಡೆ ಒಗ್ಗುತ್ತದೋ ಆ ಕಡೆ. ನಿಮ್ಮ ಸಮಾನತೆಗೆ ನನ್ನ ಬೆರಳು ಸವೆಯಿತು ಎಂದು ಅವಳು ಗೊಣಗದ ದಿನವಿರಲಿಲ್ಲ. ಎಂಥ ದಿನಗಳು ಅವು!

ಮನೆತನದ ಮಾನ ಮೂರು ಕಾಸಿಗೆ ಹರಾಜಾಯಿತು ಎಂದವರು ಗುಮಾಸ್ತರು. ಅವರ ನಿವೃತ್ತಿಗೆ ಮಾಸ್ಟರು ಕರಿ ಕೋಟು ಹೊಲಿದುಕೊಟ್ಟರು. ಹೊರಗೆ ಕೋರ್ಟಿಗೆ ಒಪ್ಪುವಂಥದ್ದು, ಒಳಗಿನ ಅಸ್ತರು ಮಾತ್ರ ಗುಲಾಬಿ ಹೂಗಳ ಬಟ್ಟೆ. ಗುಮಾಸ್ತರು ಅಸ್ತರು ನೋಡಿದರು, ಕೋಟು ಸುತ್ತಿಕೊಂಡು ಹೊರಟರು, ಹನ್ನೊಂದು ವರ್ಷ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಕಾಜಾ ಅಕ್ಕ ಪೇಟೆಗೆ ಹೋಗಿಬಂದಾಗಲೆಲ್ಲ ಮಾಸ್ಟರು ತಲೆ ಎತ್ತದೆ ಕೇಳುತ್ತಿದ್ದರು: “ಅಣ್ಣ ಸಿಕ್ಕಿದ್ನಾ? ನನ್ನ ಕೋಟು ಹಾಕ್ಕೊಂಡಿದ್ನಾ?”

“ಕರಿ ಕೋಟು ಹಾಕಿದ್ರು. ನಿಮ್ಮದೋ ಇನ್ನೊಂದೋ, ಗುಂಡಿ ಹಾಕಿದ್ರೆ ಹೇಗೆ ಗೊತ್ತಾಗುತ್ತೆ ಮಾಸ್ಟ್ರೇ?”

*

ಬಿಳಿ ಅಂಗಿ ಏರಲಿಲ್ಲ. ಕತ್ತರಿ ಹಿಡಿದು ಹಿಡಿದು ಮಾಸ್ಟರ ಬಲಭುಜ ಇಳಿಬಿದ್ದಿತ್ತು. ರೆಡಿಮೇಡಿಗೆ ಆ ಭುಜದ ಲೆಕ್ಕ ತಿಳಿಯುವುದೆಲ್ಲಿ? ಗುಮಾಸ್ತರು ತಾವೇ ತಮ್ಮನ ತೋಳು ಹಿಡಿದು ತೂರಿಸಲು ನೋಡಿದರು. ಕುತ್ತಿಗೆಯಿಂದ ಬೆವರು ಇಳಿಯಿತು. ಕೊನೆಗೆ ಸಾಕಾಗಿ ಕೋಟು ಬಿಚ್ಚಿ, ಹಿಂದೆ ನೋಡದೆ ಕಾಜಾ ಅಕ್ಕನ ಕೈಗೆ ಕೊಟ್ಟರು.

ಕೋಟು ಅವಳ ಕೈಯಲ್ಲಿ ತೆರೆದುಕೊಂಡಿತು. ಗುಲಾಬಿ ಹೂಗಳು ಮಾಸಿದ್ದವು. ಕಂಕುಳ ಬಳಿ ಅಸ್ತರು ತೊಟ್ಟೂ ತೊಟ್ಟೂ ಜಾಳಾಗಿ ಹರಿದಿತ್ತು. ಹರಿದಲ್ಲೆಲ್ಲ ದಪ್ಪ ಬಿಳಿ ದಾರದ ಸೊಟ್ಟ ಹೊಲಿಗೆ. ಸೂಜಿ ಹಿಡಿದು ಗೊತ್ತಿಲ್ಲದವರ ಕೈಕೆಲಸ. ಅವಳ ಕಣ್ಣು ತುಂಬಿತು.

ಗುಮಾಸ್ತರು ತಿರುಗಿದರು. ಅವಳು ನೋಡುತ್ತಿರುವುದನ್ನು ನೋಡಿದರು. ಕೈ ಚಾಚಿದರು.

“ಆ ಹೂವಿನ ಅಂಗಿ ಕೊಡಮ್ಮ.”

ಅದು ಭುಜಕ್ಕೆ ಸರಿಯಾಗಿ ಕೂತಿತು. ಗುಂಡಿ ಹಾಕಲು ಹೋದ ಗುಮಾಸ್ತರ ಕೈ ತಡವರಿಸಿತು.

“ಕಾಜಾ ಯಾವ ಕಡೆ?”

“ಎರಡೂ ಕಡೆ ಇದೆ. ನಿಮ್ಮ ಕೈ ಹೋದ ಕಡೆ ಹಾಕಿ.”

ಕಾಲರು ಸರಿಪಡಿಸುವ ನೆಪದಲ್ಲಿ ಅವಳು ಮಾಸ್ಟರ ಕಿವಿಯ ಬಳಿ ಬಗ್ಗಿದಳು.

“ನಿಮ್ಮದೇ ಹಾಕ್ಕೊಂಡಿದ್ರು, ಮಾಸ್ಟ್ರೇ.”

ಮೂರು ಗಂಟೆಗೆ ಹೊರಟರು. ಚಟ್ಟಕ್ಕೆ ಮುಂದಿನ ಹೆಗಲು ಗುಮಾಸ್ತರದು. ಕೋಟು ಮತ್ತೆ ತೊಟ್ಟಿದ್ದರು, ಒಂದು ಗುಂಡಿಯನ್ನೂ ಹಾಕಿರಲಿಲ್ಲ. ಪೇಟೆಯ ನಡುವೆ ಗಾಳಿ ಬೀಸಿದಾಗಲೆಲ್ಲ ಕೋಟಿನ ಅಂಚು ಹಿಂದಕ್ಕೆ ಮಗುಚಿ, ಗುಲಾಬಿ ಹೂಗಳು ಬೀದಿಗೆಲ್ಲ ಕಾಣುತ್ತಿದ್ದವು.