ಅರ್ಧಕ್ಕೆ ನಿಂತ ವೀಡಿಯೊ

ಪಾಯಕುಂಬು ಎಂಬ ಊರಿನ ಒಂದು ಕಾಲೇಜಿನಲ್ಲಿ ಯುಸ್ನಿದಾರ್ ಎಂಬ ಶಿಕ್ಷಕಿ ಹನ್ನೆರಡು ವರ್ಷದಿಂದ ಕಲಿಸುತ್ತಿದ್ದರು; ಎಲ್ಲರೂ ಅವರನ್ನು ‘ಇಬು’, ಅಂದರೆ ಅಮ್ಮ, ಎಂದು ಕರೆಯುತ್ತಿದ್ದರು. ಮುಂದೆ ಶಾಲೆಗಳಲ್ಲಿ ಇಸ್ಲಾಂ ಧರ್ಮಪಾಠ ಹೇಳಲಿರುವವರಿಗೆ ಸ್ಲೈಡು, ವೀಡಿಯೊ ಬಳಸುವುದನ್ನು ಕಲಿಸುವುದೇ ಅವರ ಕೆಲಸ. ಪ್ರತಿ ವರ್ಷವೂ ವಿದ್ಯಾರ್ಥಿಗಳು ಪುಸ್ತಕದ ಇಡೀ ಪುಟವನ್ನು ಸ್ಲೈಡಿಗೆ ಸುರಿದು, ಮಕ್ಕಳಿಗೆ ಬೆನ್ನು ಹಾಕಿ ಓದುತ್ತಿದ್ದರು. ಹೇಳಿ ಹೇಳಿ ಇಬುಗೆ ರೋಸಿಹೋಗಿತ್ತು.

ಆ ವರ್ಷ ದೆಸ್ರಿತಾ ಎಂಬ ವಿದ್ಯಾರ್ಥಿನಿಗೆ ಒಂದು ಶಾಲೆಯಲ್ಲಿ ಅಭ್ಯಾಸಕ್ಕೆಂದು ಒಂಬತ್ತನೇ ತರಗತಿಯ ಪಾಠ ಬಂತು: ಶವಕ್ಕೆ ಕಫನ್ ಬಟ್ಟೆ ಸುತ್ತುವ ಕ್ರಮ.

“ಇಬು, ಒಂದು ಗೊಂಬೆ, ಬಿಳಿ ಬಟ್ಟೆ ತಗೊಂಡ್ಹೋಗಿ ಕೈಯಲ್ಲೇ ಮಾಡಿ ತೋರಿಸ್ಲಾ?” ಎಂದು ಕೇಳಿದಳು.

“ಗೊಂಬೆ ಆಡ್ಸೋಕೆ ನಿಂಗೆ ಇಷ್ಟೆಲ್ಲ ಕಲಿಸಿದ್ನಾ? ಅಂಕದ ಹಾಳೆಲಿ ವೀಡಿಯೊ ಅಂತಿದೆ. ಅದನ್ನೇ ಮಾಡು.”

ದೆಸ್ರಿತಾ ತನ್ನ ಅಣ್ಣನನ್ನು ಚಾಪೆಯ ಮೇಲೆ ಮಲಗಿಸಿ, ಬಟ್ಟೆ ಸುತ್ತಿ ಹತ್ತು ದಿನ ಚಿತ್ರೀಕರಿಸಿದಳು. ಅವನು ನಕ್ಕಾಗಲೆಲ್ಲ ಮತ್ತೆ ಮೊದಲಿಂದ. ವೀಡಿಯೊ ಚೆನ್ನಾಗಿಯೇ ಬಂತು.

ಪಾಠದ ದಿನ ಶಾಲೆಯಲ್ಲಿ ಕಿಟಕಿಗಳಿಗೆ ಪರದೆ ಎಳೆದರು. ಇಬು ಹಿಂದಿನ ಬೆಂಚಿನಲ್ಲಿ ಅಂಕದ ಹಾಳೆ ಹಿಡಿದು ಕುಳಿತರು. ವೀಡಿಯೊ ಅರ್ಧಕ್ಕೆ ಬಂದಾಗ ದೆಸ್ರಿತಾ ಥಟ್ಟನೆ ನಿಲ್ಲಿಸಿದಳು. ಎರಡನೇ ಸಾಲಿನಲ್ಲಿ ನೆಲ್ವಿ ಎಂಬ ಹುಡುಗಿ ಡೆಸ್ಕಿಗೆ ಮುಖ ಒತ್ತಿ ಬಿಕ್ಕುತ್ತಿದ್ದಳು. ಮುಂದುವರಿಸು ಎಂದು ಇಬು ಕೈಸನ್ನೆ ಮಾಡಿದರು. ದೆಸ್ರಿತಾ ಅತ್ತ ನೋಡಲಿಲ್ಲ; ಹುಡುಗಿಯ ಪಕ್ಕ ಹೋಗಿ ಕುಳಿತಳು. ಗಂಟೆ ಹೊಡೆಯಿತು.

ಹೊರಗೆ ಬಂದ ಕೂಡಲೇ ಇಬು ರೇಗಿದರು. “ಅರ್ಧಕ್ಕೆ ನಿಲ್ಸಿದ್ಯಲ್ಲ, ಅಂಕ ಹೇಗೆ ಕೊಡ್ಲಿ ನಾನು?”

“ಅವಳ ಅಮ್ಮ ತೀರ್ಕೊಂಡು ಹನ್ನೊಂದು ದಿನ ಆಯ್ತಂತೆ ಇಬು. ಕತ್ತಲಲ್ಲಿ ಮಕ್ಕಳ ಮುಖಾನೇ ಕಾಣ್ಲಿಲ್ಲ ನಂಗೆ. ಅಳೋದು ಕೇಳಿದ್ಮೇಲೇ ಗೊತ್ತಾಗಿದ್ದು.”

ಪಕ್ಕದಲ್ಲಿದ್ದ ತರಗತಿಯ ಮೇಷ್ಟ್ರು ಶಾಫ್ನಿಲ್ ತಲೆ ಕೆರೆದುಕೊಂಡರು. “ಹೌದು, ಹೇಳೋಕೆ ಮರ್ತೇಬಿಟ್ಟೆ.”

ಇಬುಗೆ ಬೈಯಲು ಯಾರೂ ಉಳಿಯಲಿಲ್ಲ. ಗೊಂಬೆಯಾಗಿದ್ದರೆ ಕೋಣೆ ಕತ್ತಲು ಮಾಡಬೇಕಿರಲಿಲ್ಲ; ಅದು ಬೇಡ ಎಂದವರು ತಾವೇ.

ಹಾಳೆಯಲ್ಲಿ ‘ವೀಡಿಯೊ ಪೂರ್ತಿ ತೋರಿಸಲಾಗಿದೆ’ ಎಂಬ ಸಾಲಿನ ಎದುರು ಗುರುತು ಹಾಕಲು ಹೌದು, ಇಲ್ಲ ಎಂಬ ಎರಡೇ ಚೌಕ. ಮಗುವಿನ ಮುಖ ನೋಡಿದಳೇ ಎಂಬುದಕ್ಕೆ ಚೌಕವಿಲ್ಲ. ಇಬು ಅದನ್ನು ಹಿಡಿದು ವಿಭಾಗದ ಮುಖ್ಯಸ್ಥರ ಬಳಿ ಹೋದರು.

“ಹಾಳೆ ನಾನು ಮಾಡಿದ್ದಲ್ಲಮ್ಮ. ಶುಕ್ರವಾರದೊಳಗೆ ಅಂಕ ಕಂಪ್ಯೂಟರಿಗೆ ಹಾಕಿಬಿಡಿ,” ಎಂದರು ಅವರು ಫೋನಿನಿಂದ ಕಣ್ಣೆತ್ತದೆ.

ಇಬು ‘ಇಲ್ಲ’ಕ್ಕೆ ಗುರುತು ಹಾಕಿದರು. ಸುಳ್ಳು ಬರೆಯಲು ಕೈ ಬರಲಿಲ್ಲ, ನಿಜ ಬರೆದದ್ದಕ್ಕೆ ಮನಸ್ಸು ಒಪ್ಪಲಿಲ್ಲ. ದೆಸ್ರಿತಾಗೆ ಎರಡನೇ ದರ್ಜೆ ಬಂತು.

ಮುಂದಿನ ವಾರ ಅವಳೇ ಬಂದು ಹೇಳಿದಳು. ನೆಲ್ವಿ ಮನೆಗೆ ಕರೆದಿದ್ದಳಂತೆ. “‘ಅಮ್ಮಂಗೆ ಬಟ್ಟೆ ಸುತ್ತುವಾಗ ನನ್ನ ಹೊರಗೆ ನಿಲ್ಸಿದ್ರು ಅಕ್ಕ, ಏನೇನು ಮಾಡಿದ್ರು ಅಂತ ತೋರ್ಸಿ’ ಅಂದ್ಲು ಇಬು. ದಿಂಬಿಗೆ ಬಟ್ಟೆ ಸುತ್ತಿ ತೋರಿಸ್ದೆ. ಐದು ಸಲ ಕೇಳಿ ಕಲಿತ್ಲು.”

ಇಬು ಅಂಕ ತಿದ್ದಲೆಂದು ಕಂಪ್ಯೂಟರಿನಲ್ಲಿ ದೆಸ್ರಿತಾಳ ಹೆಸರು ತೆರೆದರು. ಅಂಕ ತಿದ್ದುವ ಅವಧಿ ಮುಗಿದಿದೆ ಎಂದು ಬಂತು. ಮತ್ತೆ ಒತ್ತಿದರು. ಮತ್ತದೇ.

“ಬಿಡಿ ಇಬು,” ಎಂದಳು ದೆಸ್ರಿತಾ.

“ನೀನು ಸುಮ್ನಿರು,” ಎಂದು ಇಬು ಮೂರನೇ ಸಲ ಒತ್ತಿದರು.