ಜ್ವರ ಬಿಟ್ಟ ಮೂರನೆಯ ದಿನ

ಘೋಣಸಗಿಯ ಹೊಳೆವ್ವನಿಗೆ ಗಂಡನೆಂದರೆ ವರ್ಷಕ್ಕೆ ನಾಲ್ಕು ತಿಂಗಳ ನೆಂಟ. ಉಳಿದ ಎಂಟು ತಿಂಗಳು ಅಮೋಘಿ ಕುರಿಹಿಂಡಿನ ಹಿಂದೆ ಕೃಷ್ಣೆಯ ದಂಡೆಯಲ್ಲಿ ಅಲೆಯುತ್ತಿದ್ದ. ಈ ಸಲವಾದರೂ ಇವನು ಮನೆಯಲ್ಲೇ ನಿಲ್ಲಲಿ ಎಂದು ಅವಳು ಬೇಡದ ದೇವರಿರಲಿಲ್ಲ.

೧೯೫೭ರ ಜೂನಿನಲ್ಲಿ, ಮಿರಗದ ಮಳೆಗೆ ಅವನು ಬಂದ, ಜೊತೆಗೆ ಫ್ಲೂ ಜ್ವರವನ್ನೂ ತಂದ. ಊರ ತುಂಬ ಅದೇ ಜ್ವರ, ಅದೇ ಕೆಮ್ಮು. ಕೆಮ್ಮಿದರೂ ಸರಿ, ಅವನ ದನಿ ಮನೆಯಲ್ಲಿದೆಯಲ್ಲ ಎಂದು ಹೊಳೆವ್ವನಿಗೆ ಒಳಗೊಳಗೇ ಹಿಗ್ಗು.

ಐದನೆಯ ದಿನ ಜ್ವರ ಬಿಟ್ಟಿತು. ಅದಾದ ಮೂರನೆಯ ದಿನ ಊಟಕ್ಕೆ ಕೂತವನ ಕೈಯಿಂದ ರೊಟ್ಟಿ ಜಾರಿತು. ಬಾಯಿ ಸೊಟ್ಟಗಾಯಿತು. ಏನೋ ಹೇಳಹೋಗಿ ತೊದಲಿದ, ಆಮೇಲೆ ಮಾತೇ ನಿಂತಿತು.

ಅತ್ತೆ ಹುಚ್ಚವ್ವ ಓಡಿ ಬಂದಳು. “ಲಕ್ವಾ ಹೊಡದೈತಿ! ಬಾಗಿಲಾ ಹಾಕ ಬೇ, ಗಾಳಿ ಬಡೀಬಾರ್ದು. ಪಾರಿವಾಳ ಕೊಯ್ದು ಬಿಸಿ ನೆತ್ತರಾ ತಿಕ್ಕೂಣು. ಮೊದಲ ಒಂದೀಟು ಅಂಬಲಿ ಕುಡಸು.”

ಅಷ್ಟರಲ್ಲಿ ಜ್ವರದವರನ್ನು ವಿಚಾರಿಸುತ್ತ ಮನೆ ಮನೆಗೆ ಬರುತ್ತಿದ್ದ ತಿಕೋಟಾದ ನರ್ಸಬಾಯಿ ಶಹಜಾದಿ ಹೊಸ್ತಿಲಲ್ಲಿ ನಿಂತಿದ್ದಳು.

“ತಡೀರಿ ಯವ್ವಾ! ಬಾಯಾಗ ಹನಿ ನೀರೂ ಹಾಕಬ್ಯಾಡ್ರಿ. ಅವ್ರಿಗೆ ನುಂಗಾಕ ಬರವಲ್ದು. ಪುಪ್ಪುಸಕ್ಕ ಇಳೀತಂದ್ರ ಜೀವಕ್ಕ ಬರತೈತಿ.”

“ಜ್ವರ ಬಿಟ್ಟು ಮೂರ ದಿನಾತು. ಇದು ಗಾಳಿನ ಐತಿ.”

“ಗಾಳಿ ಅಲ್ಲರಿ. ಇಂಥಾ ಜ್ವರಾ ಬಂದು ಹ್ವಾದಮ್ಯಾಲ ಕೆಲವ್ರಿಗೆ ನೆತ್ತರಾ ಹೆಪ್ಪುಗಟ್ಟಿ ಮೆದುಳಿನ ರಕ್ತನಾಳದಾಗ ಸಿಕ್ಕೊಂತೈತಿ. ಎಲ್ಲಾರಿಗೂ ಅಲ್ಲ. ಆದ್ರ ಎರಡ್ಮೂರು ವಾರಾ ಕಣ್ಣಿಟ್ಟಿರಬೇಕು. ಲಗೂನ ಬಂಡಿ ಕಟ್ಟಸ್ರಿ, ವಿಜಾಪುರ ದವಾಖಾನಿಗೆ ಹೋಗೂಣು.”

“ಪಾರಿವಾಳದಿಂದ ನಮ್ಮೂರಾಗ ಮೂರ ಮಂದಿ ಎದ್ದು ಓಡ್ಯಾಡ್ಯಾರ!”

“ಅವ್ರು ತಾವಾಗೇ ಸುಧಾರಿಸ್ಯಾರ. ಏಳದವ್ರ ಹೆಸರೂ ಹೇಳ್ರಿ ಯವ್ವಾ.”

ಏಳದವರಲ್ಲಿ ಹುಚ್ಚವ್ವನ ಗಂಡನೂ ಒಬ್ಬ.

ಎಂದೂ ಅತ್ತೆಗೆ ಎದುರಾಡದ ಹೊಳೆವ್ವ ಅಂದಳು: “ಅತ್ತಿ, ದೇವ್ರು ನನಗ ಕೊಟ್ಟಿದ್ದ ನಾಕ ತಿಂಗಳಾ. ಅದನ್ನೂ ಕಳಕೊಳ್ಳಲ್ಯಾ?”

ಬಂಡಿ ಹೂಡಿದವಳು ಹುಚ್ಚವ್ವನೇ.

ದವಾಖಾನೆಯಲ್ಲಿ ಅಮೋಘಿಯ ಜೀವ ಉಳಿಯಿತು. ನಲವತ್ತನೆಯ ದಿನ “ನೀರ” ಎಂದ. ಅಷ್ಟಕ್ಕೇ ಹೊಳೆವ್ವ ಗಳಗಳ ಅತ್ತಳು. ಆದರೆ ಬಲಗೈ ಮೊದಲಿನಂತಾಗಲಿಲ್ಲ, ಕಾಲು ಎಳೆಯುತ್ತದೆ. ಹಿಂಡು ಬೇರೆಯವರ ಪಾಲಾಯಿತು. ಈಗ ಗಂಡ ವರ್ಷವಿಡೀ ಮನೆಯಲ್ಲೇ ಇರುತ್ತಾನೆ. ಕಟ್ಟೆಯ ಮೇಲೆ ಕೂತು ದಾರಿಯಲ್ಲಿ ಹೋಗುವ ಕುರಿಗಳನ್ನು ನೋಡುತ್ತಾನೆ. ಹೊಳೆವ್ವ ಅವನನ್ನು ನೋಡುತ್ತಾಳೆ. ಅವಳು ಬೇಡಿಕೊಂಡದ್ದು ಹೀಗಲ್ಲ.

ಹುಚ್ಚವ್ವ ಮಾತ್ರ ಯಾರ ಮನೆಯಲ್ಲಿ ಜ್ವರವೆಂದರೂ ಹೋಗಿ ಕೂರುತ್ತಾಳೆ. “ಜ್ವರ ಬಿಡ್ತಂತ ಮೈಮರೀಬ್ಯಾಡ್ರಿ” ಎಂದು ಕಾಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಫ್ಲೂ, ಕೋವಿಡ್‌ನಂಥ ಜ್ವರ ಬಂದು ಹೋದ ಮೇಲೆ ಕೆಲವು ವಾರ ಎಚ್ಚರವಿರಲಿ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಗುಳಿಗೆ ಬಿಡಬೇಡಿ. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ, ಅದು ಲಕ್ವಾ, ಅಂದರೆ ಪಾರ್ಶ್ವವಾಯು ಇರಬಹುದು; ಬಾಯಿಗೆ ಏನನ್ನೂ ಹಾಕದೆ ತಕ್ಷಣ ೧೦೮ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಔಷಧಿ ಹೊಳೆವ್ವನ ಕಾಲಕ್ಕೆ ಇರಲಿಲ್ಲ. ಇಂದು ಇದೆ, ಆದರೆ ಲಕ್ಷಣ ಕಂಡ ನಾಲ್ಕೂವರೆ ತಾಸಿನೊಳಗೆ ಅದನ್ನು ಕೊಡಬೇಕು. ನಿಮ್ಮವರನ್ನು ಆ ಹೊತ್ತಿಗೆ ಸಾಕಷ್ಟು ಮೊದಲೇ ಆಸ್ಪತ್ರೆಗೆ ತಲುಪಿಸಿ.