ಗೊತ್ತಿಲ್ಲ ಎನ್ನುವ ಡಾಕ್ಟರು

‘ಗೊತ್ತಿಲ್ಲ’ ಎಂಬ ಮಾತನ್ನು ಅಷ್ಟು ಗಟ್ಟಿಯಾಗಿ, ಅಷ್ಟು ನಿಸ್ಸಂಕೋಚವಾಗಿ, ಎದುರಿಗಿದ್ದವರ ಕಣ್ಣಲ್ಲಿ ಕಣ್ಣಿಟ್ಟು ಹೇಳುವ ವೈದ್ಯರನ್ನು, ಅವರೊಬ್ಬರನ್ನು ಬಿಟ್ಟರೆ, ನಾನು ಬೇರೆ ಕಂಡಿಲ್ಲ. ಉಳಿದವರು ಅದನ್ನು ಒಂದು ಕೆಮ್ಮಿನಲ್ಲೋ, ಅರ್ಥವಾಗದ ಪದದಲ್ಲೋ, ‘ನೋಡೋಣ’ ಎಂಬ ಜಾಣತನದಲ್ಲೋ ಅಡಗಿಸಿಬಿಡುತ್ತಾರೆ. ಇವರು ಕೇಳಿದವರ ಎದೆ ಧಸಕ್ಕೆನ್ನುವಂತೆ ಹೇಳಿಬಿಡುತ್ತಿದ್ದರು. ಹೇಳಿದ ಮೇಲೆ ಎದ್ದು ಹೋಗದೆ ಅಲ್ಲೇ ಕುಳಿತಿರುತ್ತಿದ್ದರು.

ಬಸುರಿಯರಿಗೆ ಸ್ಕ್ಯಾನಿಂಗ್ ಮಾಡುವುದು ಅವರ ಕೆಲಸ. ಆಸ್ಪತ್ರೆಯ ಆಯಾಗಳ ಬಾಯಲ್ಲಿ ‘ಕತ್ತಲೆ ಮೇಡಂ’. ಹಗಲೆಲ್ಲ ಪರದೆ ಎಳೆದ ಕೋಣೆಯಲ್ಲಿ ಯಂತ್ರದ ಬೂದು ಬೆಳಕಿನೆದುರು ಕುಳಿತು, ನಡುವೆ ಕಾರಿಡಾರಿಗೆ ಬಂದಾಗ ಹಣೆಗೆ ಅಂಗೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ಗೋಡೆಯ ಮಗ್ಗುಲಲ್ಲೇ ನಡೆಯುತ್ತಿದ್ದರು. ವರ್ಷಾನುಗಟ್ಟಲೆ ಒಂದೇ ಭಂಗಿಯಲ್ಲಿ ಕೈಚಾಚಿದ್ದರಿಂದ ಬಲಭುಜ ಎಡಭುಜಕ್ಕಿಂತ ತಗ್ಗಿತ್ತು. ಯಂತ್ರ ಬಿಸಿಯಾಗದಿರಲೆಂದು ಕೋಣೆಯನ್ನು ಸದಾ ತಣ್ಣಗಿಡುತ್ತಿದ್ದ ಕಾರಣ ಬಿಳಿ ಕೋಟಿನ ಮೇಲೊಂದು ಕಂದು ಸ್ವೆಟರ್. ಅದರ ಬಲತೋಳು ಮಾತ್ರ ಮೊಣಕೈವರೆಗೆ ಮಡಚಿದ್ದು, ಹೊಟ್ಟೆಗೆ ಹಚ್ಚುವ ಜೆಲ್ಲಿನ ಕಲೆಗಳು ಒಣಗಿ ಒರಟಾಗಿತ್ತು.

ಅವರನ್ನು ನಾನು ಮೊದಲು ಕಂಡದ್ದು ನನ್ನ ತಂಗಿಯ ಐದನೆಯ ತಿಂಗಳ ಸ್ಕ್ಯಾನಿಗೆ ಜೊತೆಯಾಗಿ ಹೋದಾಗ. ತುಟಿ, ಬೆನ್ನುಮೂಳೆ, ಮಿಡಿಯುವ ಹೃದಯ ಎಲ್ಲವನ್ನೂ ತೋರಿಸುತ್ತ, “ಇಗೋ, ಕಾಲ ಮೇಲೆ ಕಾಲು ಹಾಕ್ಕೊಂಡು ಮಲಗಿದೆ ನೋಡಿ, ಲೋಕದ ಚಿಂತೇನೇ ಇಲ್ಲ” ಎಂದು ನಗಿಸುತ್ತಿದ್ದವರು, ತಲೆಯ ಚಿತ್ರಕ್ಕೆ ಬಂದಾಗ ಮಾತು ನಿಲ್ಲಿಸಿದರು. ಅಳೆದರು. ತಂಗಿಯನ್ನು ಮಗ್ಗುಲಾಗಿಸಿ ಮತ್ತೆ ಅಳೆದರು. ಆಮೇಲೆ ಅವಳ ಹೊಟ್ಟೆಯ ಮೇಲಿನ ಜೆಲ್ ತಾವೇ ಒರೆಸಿ, ಎಬ್ಬಿಸಿ ಕೂರಿಸಿ, ದೀಪ ಹಾಕಿ, ಹೊರಗಿದ್ದ ಅವಳ ಗಂಡನನ್ನು ಕರೆಸಿದರು. ಕತ್ತಲಲ್ಲಿ ಮಲಗಿರುವವರಿಗೆ ಇಂಥ ಮಾತು ಹೇಳಬಾರದೆಂಬುದು ಅವರ ಕಟ್ಟುನಿಟ್ಟಿನ ನಿಯಮವೆಂದು ಆಯಾ ಆಮೇಲೆ ಹೇಳಿದಳು.

“ಮಿದುಳೊಳಗೆ ನೀರು ತುಂಬಿದ ಪುಟ್ಟ ಕೋಣೆಗಳಿರ್ತವೆ. ನಂಗೂ ಇವೆ, ನಿಮಗೂ ಇವೆ. ಅವುಗಳ ಅಗಲ ಹತ್ತು ಮಿಲಿಮೀಟರ್ ಒಳಗಿರಬೇಕು. ನಿಮ್ಮ ಮಗೂದು ಹನ್ನೆರಡಿದೆ.”

“ಅಂದ್ರೆ ಮಗೂಗೆ ಬುದ್ಧಿ ಬೆಳೆಯಲ್ವಾ?” ತಂಗಿ ಕೇಳಿದಳು.

“ಬೇರೇನೂ ದೋಷ ಇಲ್ಲದೆ ಇಷ್ಟು ಮಾತ್ರ ಹಿಗ್ಗಿದ್ರೆ, ಹತ್ತರಲ್ಲಿ ಒಂಬತ್ತು ಮಕ್ಕಳು ಎಲ್ಲರ ಹಾಗೇ ಬೆಳೀತವೆ. ಒಂದಕ್ಕೆ ನಡಿಗೆ, ಮಾತು, ಕಲಿಕೆ ತಡ ಆಗಬಹುದು. ಅದಕ್ಕಿಂತ ಹೆಚ್ಚಿನ ತೊಂದರೇನೂ ಆಗಬಹುದು.”

“ನಮ್ಮದು ಆ ಒಂಬತ್ತರಲ್ಲಾ, ಆ ಒಂದಾ?”

“ಗೊತ್ತಿಲ್ಲಮ್ಮ.”

ತಂಗಿಯ ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು; ಗದರಿಸಿ ಅಭ್ಯಾಸವಾದ ಗಂಟಲು. “ಗೊತ್ತಿಲ್ಲ ಅನ್ನೋಕೆ ಇಷ್ಟು ದೊಡ್ಡ ಮಷೀನು ಯಾಕ್ರೀ ಬೇಕು?” ಎಂದು ರೇಗಿದ. ಅವರು ಸಿಟ್ಟಾಗಲಿಲ್ಲ. “ಸರಿಯಾಗೇ ಕೇಳಿದ್ರಿ. ಈ ಮಷೀನಿಗೆ ಅಗಲ ಕಾಣತ್ತೆ, ನಾಳೆ ಕಾಣಲ್ಲ” ಎಂದರು.

ಸೋಂಕಿಗಾಗಿ ರಕ್ತಪರೀಕ್ಷೆ, ಗರ್ಭದ ನೀರು ತೆಗೆದು ವಂಶವಾಹಿಗಳ ಪರೀಕ್ಷೆ, ಎಂಆರ್‌ಐ ಎಲ್ಲ ಆದವು. ಬೇರಾವ ದೋಷವೂ ಕಾಣಲಿಲ್ಲ. ಆದರೆ ಮುಂದಿನ ಸ್ಕ್ಯಾನಿನಲ್ಲಿ ಹನ್ನೆರಡು ಹದಿಮೂರಾಗಿತ್ತು. ಮನೆಯಲ್ಲಿ ಎಲ್ಲರೂ ಡಾಕ್ಟರಾದರು. ತಂಗಿಯ ಅತ್ತೆ ‘ತೆಗೆಸಿಬಿಡೋದೇ ವಾಸಿ’ ಎಂದರೆ, ನಮ್ಮ ಚಿಕ್ಕಪ್ಪ ‘ಏನೂ ಆಗಲ್ಲ, ನಾನಿದೀನಲ್ಲ’ ಎಂದು, ತಾವೇ ಹೋಗಿ ಆ ನೀರನ್ನು ಬಸಿದು ಬರುವವರಂತೆ ಎದೆ ತಟ್ಟಿಕೊಂಡರು. ಇಬ್ಬರ ನಡುವೆ ಸಿಕ್ಕು ಬಡವಾದ ತಂಗಿ ಒಂದು ದಿನ ಸೀದಾ ಆ ಕತ್ತಲ ಕೋಣೆಗೇ ನಡೆದಳು. “ನೀವಾಗಿದ್ರೆ ಏನು ಮಾಡ್ತಿದ್ರಿ, ಹೇಳಿ.”

ಅವರು ಸ್ಟೂಲನ್ನು ಅವಳ ಹತ್ತಿರ ಎಳೆದುಕೊಂಡರು. “ಮಗು ನಡೆಯೋದು ತಡವಾದ್ರೆ ಕೈ ಹಿಡಿಯೋರು ನೀವು, ನಾನಲ್ಲ. ಹಾಗಾಗಿ ಅದನ್ನ ನನ್ನ ಬಾಯಿಂದ ಹೇಳಿಸಬೇಡಿ. ನೀವು ಏನು ನಿರ್ಧಾರ ಮಾಡಿದ್ರೂ ಬನ್ನಿ. ಇದೇ ಪ್ರಶ್ನೆ ಇನ್ನೂ ನೂರು ಸಲ ಕೇಳಿ, ನಂಗೆ ಬೇಜಾರಿಲ್ಲ.”

ತಂಗಿ ನಿಜಕ್ಕೂ ಕೇಳಿದಳು, ವಾರವಾರವೂ ಕೇಳಿದಳು. ಅವರು ಪ್ರತಿಸಲವೂ ಮೊದಲ ಸಲ ಕೇಳಿದವರಂತೆ ಸ್ಟೂಲನ್ನು ಹತ್ತಿರ ಎಳೆದುಕೊಂಡು ಉತ್ತರಿಸಿದರು. ಹಾಗೊಂದು ದಿನ ನಾನು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ, ಆಸ್ಪತ್ರೆಯ ಯಜಮಾನರು ಬಾಗಿಲಲ್ಲೇ ನಿಂತು, “ಜನ ಭರವಸೆಗಾಗಿ ಬರ್ತಾರೆ ಮೇಡಂ, ನೀವು ಹೆದರಿಸಿ ಕಳಿಸ್ತೀರಿ” ಎಂದು ಆಕ್ಷೇಪಿಸಿದ್ದು ಕೇಳಿಸಿತು. ಒಳಗಿನಿಂದ ಬಂದ ಉತ್ತರವೂ ಕೇಳಿಸಿತು: “ಭರವಸೆ ಔಷಧಿ ಅಂಗಡೀಲಿ ಸಿಗೋ ಹಾಗಿದ್ರೆ ದಿನಕ್ಕೆ ಮೂರು ಹೊತ್ತು ಬರೆದುಕೊಡ್ತಿದ್ದೆ ಸರ್.”

ಕೊನೆಗೆ ತಂಗಿ ಎಲ್ಲರನ್ನೂ ಕೂರಿಸಿಕೊಂಡು, “ಒಂಬತ್ತೋ ಒಂದೋ, ನನಗೆ ಬರೋದು ಒಂದೇ ಮಗು ತಾನೆ? ಬರಲಿ” ಎಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದುಹೋದರು; ತೆಗೆಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಹೆಣ್ಣುಮಗು. ಕತ್ತು ನಿಂತದ್ದೂ ಕುಳಿತದ್ದೂ ನಿಧಾನ. ಓರಗೆಯ ಮಕ್ಕಳು ಓಡಾಡುವಾಗ ಇವಳಿನ್ನೂ ಕುಂಡೆಯ ಮೇಲೆ ತೆವಳುತ್ತಿದ್ದಳು. ಸಂಜೆ ಸಂಜೆ ಅಪ್ಪ ಅವಳ ಎರಡೂ ಕೈ ಹಿಡಿದು, “ಕ್ಲಚ್ ಬಿಡು, ನಿಧಾನ, ನಿಧಾನ” ಎನ್ನುತ್ತ ವರಾಂಡದುದ್ದಕ್ಕೂ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದ. ಎರಡು ತುಂಬಿದ ಮೇಲೆ ನಡೆದಳು. ಮಾತು ಇನ್ನೂ ತಡವಾಗಿ ಬಂತು. ಬಂದದ್ದು ಮತ್ತೆ ನಿಲ್ಲಲಿಲ್ಲ. ಈಗ ಶಾಲೆಗೆ ಹೋಗುತ್ತಾಳೆ. ಲೆಕ್ಕ ತಡ, ಜಗಳ ಬೇಗ.

ಶಾಲೆ ಸೇರಿದ ವರ್ಷ ತಂಗಿ ಅವಳನ್ನು ಡಾಕ್ಟರಿಗೆ ತೋರಿಸಿ ಬರೋಣವೆಂದು ಹೊರಟಳು; ನಾನೂ ಜೊತೆಗೆ ಹೋದೆ. ಅವರಿಗೆ ತಂಗಿಯ ಗುರುತೇ ಸಿಗಲಿಲ್ಲ. “ಹೊಟ್ಟೆ ನೋಡಿದ್ರೆ ಗುರುತು ಹಿಡೀತಿದ್ದೆನೇನೋ!” ಎಂದು ನಕ್ಕರು. ವಿಷಯ ತಿಳಿದಾಗ ಆ ನಗು ಹಾಗೇ ನಿಂತಿತು. ಕಾರಿಡಾರಿನ ನೆಲದ ಮೇಲೆ ಮಂಡಿಯೂರಿ, ಅವಳು ಅತ್ತ ಹೋಗಿ ಇತ್ತ ಬರುವುದನ್ನು, ಎಡಗಾಲು ತುಸು ಎಳೆಯುವುದನ್ನು, ಕಣ್ಣು ಮಿಟುಕಿಸದೆ ನೋಡಿದರು.

“ಯಾರೂ ಕರ್ಕೊಂಡು ಬರಲ್ಲ” ಎಂದರು ನನಗೆ. “ಎಲ್ಲ ಚೆನ್ನಾಗಾದೋರಿಗೆ ನನ್ನ ನೆನಪಿರಲ್ಲ. ಆಗದೋರಿಗೆ ನನ್ನ ಮುಖ ಬೇಡ. ಸಾವಿರಾರು ತಲೆ ಅಳೆದಿದೀನಿ. ಆಮೇಲೆ ಆ ಮಕ್ಕಳು ಏನಾದ್ವು ಅಂತ ಯಾರನ್ನ ಕೇಳಲಿ?” ಸ್ವೆಟರಿನ ತೋಳಿನಿಂದ ಮೂಗೊರೆಸಿಕೊಂಡು, ಮುಂದಿನ ಬಸುರಿಯನ್ನು ಕರೆದು ಒಳಗೆ ಹೋದರು.

ಮಾತಿನಲ್ಲಿ ಧಾರಾಳಿಗಳಾದವರನ್ನು ಕರುಣಾಳುಗಳೆಂದೂ, ಮಾತನ್ನು ಅಳೆದು ಆಡುವವರನ್ನು ಕಲ್ಲುಮನಸ್ಸಿನವರೆಂದೂ ಬೇರ್ಪಡಿಸಿಡುವುದು ನಮಗೆಲ್ಲ ರೂಢಿ. ಆದರೆ ತಮ್ಮ ತಿಳಿವಳಿಕೆಯ ಗಡಿ ಎಲ್ಲಿ ಮುಗಿಯಿತೆಂಬುದನ್ನು ತೋರಿಸಿಕೊಡುವ, ಆ ಗಡಿಯ ಮೇಲೆ ನಮ್ಮನ್ನು ಒಂಟಿಯಾಗಿ ಬಿಟ್ಟುಹೋಗದ ಒಂದು ವಿರಳ ಜಾತಿಯ ಜನ ಇದ್ದಾರೆ. ನಮ್ಮ ಸುಖದ ಕಥೆಯಲ್ಲಿ ಅವರಿಗೆ ಪಾಲು ಸಿಗುವುದಿಲ್ಲ, ದುಃಖದ ಕಥೆಯಲ್ಲಿ ಬೈಗುಳ ತಪ್ಪುವುದಿಲ್ಲ. ಬದುಕಿನ ನಟ್ಟನಡುವೆ ನಿಂತು ನಾವು ನಮ್ಮದೇ ಆದೊಂದು ನಿರ್ಧಾರವನ್ನು ಧೈರ್ಯದಿಂದ ತೆಗೆದುಕೊಂಡಿದ್ದರೆ, ಅದರ ಹಿಂದೆಲ್ಲೋ ನಮಗೆ ಸುಳ್ಳು ಹೇಳಲು ಒಪ್ಪದಿದ್ದ ಇಂಥವರೊಬ್ಬರು ಇದ್ದೇ ಇರುತ್ತಾರೆ.